ಸರಾಸರಿ ಮೇಷ್ಟ್ರ ಜೊತೆಗಾರ್ತಿ

ಬೆಳಿಗ್ಗೆ ಒಂಬತ್ತೂಕಾಲಿಗೆ ಅಧ್ಯಾಪಕರ ಕೊಠಡಿಯಲ್ಲಿ ತಮ್ಮ ಹೆಸರಿನ ಲಕೋಟೆ ಒಡೆದು ನೋಡಿದ ಸರಾಸರಿ ಮೇಷ್ಟ್ರು, ಕಾಗದವನ್ನು ಮಡಿಸಿ ಮತ್ತೆ ಲಕೋಟೆಯೊಳಗೆ ತುರುಕಿ, ಅಂಟಿಸಲು ಗೋಂದು ಹುಡುಕತೊಡಗಿದರು. ಒಳಗಿದ್ದದ್ದು ಒಂದೇ ಸಾಲು: ‘ನಿಮ್ಮ ಜೊತೆಗಾರ ವಿದ್ಯಾರ್ಥಿ: ಮೂರನೇ ವರ್ಷ, ಕ್ರಮಸಂಖ್ಯೆ ಮೂವತ್ತೊಂದು.’

ಕ್ರಮಸಂಖ್ಯೆ ಮೂವತ್ತೊಂದು ಅಂದರೆ ಅವರ ಹೆಂಡತಿ.

ಮೇಷ್ಟ್ರು ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಸಂಭವನೀಯತೆಯ ಪಾಠ ಮಾಡುತ್ತಿದ್ದರು. ಯಾವುದು ಎಷ್ಟರಮಟ್ಟಿಗೆ ಆದೀತು, ಎಷ್ಟರಮಟ್ಟಿಗೆ ಆಗಲಿಕ್ಕಿಲ್ಲ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಆಳು ಅತ್ತ ಎತ್ತರವೂ ಅಲ್ಲ, ಇತ್ತ ಗಿಡ್ಡವೂ ಅಲ್ಲ. ದನಿ ಜೋರೂ ಅಲ್ಲ, ಮೆಲ್ಲಗೂ ಅಲ್ಲ. ಅವರ ತರಗತಿಯ ಹುಡುಗರು ಮೊದಲ ದರ್ಜೆಯಲ್ಲೂ ತೇರ್ಗಡೆಯಾಗುತ್ತಿರಲಿಲ್ಲ, ಪೂರಾ ಮುಳುಗುತ್ತಲೂ ಇರಲಿಲ್ಲ. ಹಾಗಾಗಿ ಯಾವುದೋ ವರ್ಷದ ಯಾರೋ ಇಟ್ಟ ‘ಸರಾಸರಿ’ ಎಂಬ ಹೆಸರು ಕಾಲಿಗೆ ಅಂಟಿದ ಟಾರಿನಂತೆ ಅವರೊಡನೆ ನಡೆದು ಬಂದಿತ್ತು. ನಲವತ್ತಮೂರು ಮಂದಿಯ ತರಗತಿಯಲ್ಲಿ ಕಣ್ಣುಮುಚ್ಚಿ ಚೀಟಿ ಎತ್ತಿದರೆ ನಿರ್ದಿಷ್ಟ ಒಬ್ಬರ ಹೆಸರು ಬರುವ ಸಂಭವ ಎಷ್ಟು ಎಂದು ಹೋದ ವಾರವಷ್ಟೇ ಬೋರ್ಡಿನ ಮೇಲೆ ಬಿಡಿಸಿ, “ಇಷ್ಟು ಚಿಕ್ಕದಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು” ಎಂದು ಅವರೇ ಹೇಳಿದ್ದರು.

ಹೆಂಡತಿ ಮದುವೆಯ ಕಾಲಕ್ಕೆ ಅರ್ಧಕ್ಕೆ ಬಿಟ್ಟಿದ್ದ ಡಿಗ್ರಿಯನ್ನು ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಮತ್ತೆ ಹಿಡಿದಿದ್ದಳು. ಇರುವುದೊಂದೇ ಕಾಲೇಜು, ಒಂದೇ ವಿಭಾಗ. ಹಾಗಾಗಿ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದಿದ್ದರು. ಮನೆಯ ಗೇಟು ದಾಟಿದರೆ ಇಬ್ಬರೂ ಅಪರಿಚಿತರು. ಅವಳದು ಎಂಟೂಹತ್ತರ ಬಸ್ಸು, ಇವರದು ಎಂಟೂಮೂವತ್ತೈದರದು. ಹಾಜರಿ ಕೂಗುವಾಗ ಮೇಷ್ಟ್ರು ಪುಸ್ತಕದಿಂದ ತಲೆಯೆತ್ತದೆ “ಮೂವತ್ತೊಂದು” ಅನ್ನುತ್ತಿದ್ದರು, ಎರಡನೇ ಬೆಂಚಿನಿಂದ “ಹಾಜರ್ ಸರ್” ಅನ್ನುವ ಉತ್ತರ ಬರುತ್ತಿತ್ತು. ಉಳಿದ ಹುಡುಗಿಯರನ್ನೆಲ್ಲ “ಏನಮ್ಮಾ” ಎಂದು ಮಾತಾಡಿಸುವ ಮೇಷ್ಟ್ರು ಅವಳನ್ನು ಏನೆಂದೂ ಕರೆಯದೆ ಎರಡೂವರೆ ವರ್ಷ ದೂಡಿದ್ದರು.

ಈಗ ಹೊಸ ಡೀನ್ ಮೇಡಂ ತಂದ ಯೋಜನೆಯೊಂದು ಅದಕ್ಕೆ ಕಲ್ಲು ಹಾಕಿತ್ತು. “ಪಾಠ ಹೇಗಾಗ್ತಿದೆ ಅಂತ ಪಾಠ ಮಾಡೋರನ್ನೇ ಕೇಳಿದ್ರೆ ಏನು ಬಂತು? ಕೂತು ಕೇಳೋರೂ ಇದರಲ್ಲಿ ಪಾಲುದಾರರು” ಎಂದು ಅವರು ಪ್ರತಿ ಅಧ್ಯಾಪಕರಿಗೂ ಒಬ್ಬೊಬ್ಬ ವಿದ್ಯಾರ್ಥಿಯನ್ನು ಚೀಟಿ ಎತ್ತಿ ಗೊತ್ತುಮಾಡಿದ್ದರು. ಆ ಜೊತೆಗಾರರು ಎರಡು ವಾರ ಯಾರಿಗೂ ಹೇಳದೆ ತರಗತಿಯನ್ನು ಗಮನಿಸಿ ಬರೆದಿಟ್ಟುಕೊಂಡಿದ್ದರು. ಇವತ್ತು ಹೆಸರು ಬಯಲಾಗುವ ದಿನ. ಅಧ್ಯಾಪಕರೂ ಜೊತೆಗಾರರೂ ಕೂತು ಮಾತಾಡಬೇಕು, ಒಂದು ನಮೂನೆ ತುಂಬಬೇಕು. ನಮೂನೆಯ ಮೊದಲ ಪುಟ ‘ನಾನು ಕಂಡದ್ದು’; ಅದನ್ನು ಸಂಜೆ ನಾಲ್ಕಕ್ಕೆ ಸಭಾಂಗಣದಲ್ಲಿ ಎಲ್ಲ ಅಧ್ಯಾಪಕರು, ಜೊತೆಗಾರರ ಮುಂದೆ ಜೊತೆಗಾರರೇ ಓದಬೇಕು. ಎರಡನೇ ಪುಟ ‘ನನ್ನ ಒಂದು ಕೋರಿಕೆ’. ಅದು ಮುಚ್ಚಿದ ಲಕೋಟೆಯಲ್ಲಿ ಅಧ್ಯಾಪಕರ ಕೈಗೆ ಮಾತ್ರ.

ಸಂಖ್ಯಾಶಾಸ್ತ್ರದ ಮುಖ್ಯಸ್ಥರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಇದ್ದವರು ಇಬ್ಬರೇ: ಮೇಷ್ಟ್ರು, ಮತ್ತು ಅವರಿಗಿಂತ ಹದಿನೈದು ವರ್ಷ ಚಿಕ್ಕವನಾದ ಚಪ್ಪಾಳೆ ಮೇಷ್ಟ್ರು. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಓಡಿಸಿ ಪಾಠ ಮುಗಿಸಿದಾಗ ಹುಡುಗರಿಂದ ಚಪ್ಪಾಳೆ ಗಿಟ್ಟಿಸುವವನಾದ್ದರಿಂದ ಆ ಹೆಸರು. ಇವತ್ತಿನ ವರದಿ ನೋಡಿಯೇ ತೀರ್ಮಾನ ಅಂತ ಡೀನ್ ಮೇಡಂ ಬಾಯಿಬಿಟ್ಟೇ ಹೇಳಿದ್ದರು.

“ಯಾರು ಬಂದ್ರು ಸರ್ ನಿಮಗೆ?” ಪಕ್ಕದ ಮೇಜಿನ ಸಸ್ಯಶಾಸ್ತ್ರದ ಮೇಡಂ ಕತ್ತು ಚಾಚಿದರು. ಆ ಕೊಠಡಿಯಲ್ಲಿ ಯಾರ ಲಕೋಟೆಯನ್ನು ಯಾರು ಒಡೆದರೂ ಒಳಗಿದ್ದದ್ದು ಮೊದಲು ಅವರಿಗೇ ಗೊತ್ತಾಗುತ್ತಿತ್ತು.

ಮೇಷ್ಟ್ರು ಕಾಗದ ತೋರಿಸಿದರು.

ಮೇಡಂ ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿ ಓದಿದರು. “ಅಯ್ಯೋ, ಇವರು ನಿಮ್ಮ ಮನೆಯವರಲ್ವಾ ಸರ್?”

“ಮೆಲ್ಲಗೆ ಮೇಡಂ.”

“ಮೆಲ್ಲಗೆ ಅಂದ್ರೆ? ಸಂಜೆ ಮೈಕಿನಲ್ಲಿ ಓದ್ತಾರಲ್ಲ! ನೋಡಿ ಸರ್, ಬೇರೆ ಹುಡುಗರಾದ್ರೆ ಎರಡು ವಾರ ನೋಡಿದ್ದನ್ನ ಬರೀತಾರೆ. ಇವರು ಎಷ್ಟು ವರ್ಷದ್ದು ಬರೀಬಹುದು?”

“ಇಪ್ಪತ್ಮೂರು” ಅಂದರು ಮೇಷ್ಟ್ರು.

ಅವರಿಗೆ ಹೆದರಿಕೆಯಾದದ್ದು ಸುಮ್ಮನೆ ಅಲ್ಲ. ಹೆಂಡತಿ ಮನೆಯಲ್ಲಿ ಏನಾದರೂ ಹೇಳತೊಡಗಿದರೆ ಮೇಷ್ಟ್ರು ಪೇಪರಿನ ಹಿಂದಿನಿಂದ ಐದೈದು ನಿಮಿಷಕ್ಕೊಮ್ಮೆ “ಹೂಂ” ಅನ್ನುತ್ತಿದ್ದರು. ಒಮ್ಮೆ ಅವಳು “ಮನೆಗೆ ಬೆಂಕಿ ಬಿದ್ದಿದೆ” ಅಂದು ನೋಡಿದ್ದಳು. ಅದಕ್ಕೂ “ಹೂಂ, ನಾಳೆ ನೋಡೋಣ” ಅಂದಿದ್ದರಂತೆ. ಹೋದ ಎರಡು ವಾರದಿಂದ ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದದ್ದು, ತಾವು ನೀರಿಗೆಂದು ಒಳಗೆ ಹೋದರೆ ಮೊಣಕೈ ಅಡ್ಡ ಇಡುತ್ತಿದ್ದದ್ದು ಈಗ ಅವರಿಗೆ ನೆನಪಾಯಿತು. ಏನು ಬರೀತಿದ್ದೀಯ ಎಂದು ಅವರು ಕೇಳಿಯೂ ಇರಲಿಲ್ಲ.

“ಬದಲಾಯಿಸ್ಕೊಂಡುಬಿಡಿ ಸರ್” ಅಂದರು ಸಸ್ಯಶಾಸ್ತ್ರದ ಮೇಡಂ. “ಸಂಬಂಧಿಕರಾದ್ರೆ ಬದಲಾಯಿಸ್ಬಹುದು ಅಂತ ನಿಯಮದಲ್ಲೇ ಇದೆ. ಓಡಿ.”

ಮೇಷ್ಟ್ರು ಓಡಿದರು. ಕಚೇರಿಯ ಗುಮಾಸ್ತ ನಿಯಮದ ಹಾಳೆಯನ್ನು ಬೆರಳಿಟ್ಟು ಓದಿ, “ರಕ್ತಸಂಬಂಧಿಗಳಾದಲ್ಲಿ ಅಂತ ಇದೆ ಸರ್. ಹೆಂಡ್ತಿ ರಕ್ತಸಂಬಂಧ ಅಲ್ಲವಲ್ಲ” ಅಂದ.

“ಹಾಗಾದ್ರೆ ಏನು ಸಂಬಂಧ ಅಪ್ಪಾ?”

“ಅದು ಈ ನಿಯಮದಲ್ಲಿ ಬರಲ್ಲ ಸರ್. ಒಂದು ದಾರಿ ಇದೆ. ಅದೇ ತರಗತಿಗೆ ಪಾಠ ಮಾಡೋ ಇನ್ನೊಬ್ಬರು ಒಪ್ಪಿದ್ರೆ ಇಬ್ಬರೂ ಜೊತೆಗಾರರನ್ನ ಅದಲುಬದಲು ಮಾಡ್ಕೋಬಹುದು. ಈ ಅರ್ಜಿಗೆ ಸಹಿ ಹಾಕಿಸ್ಕೊಂಡು ಬನ್ನಿ.”

ಅದೇ ತರಗತಿಗೆ ಪಾಠ ಮಾಡುವ ಇನ್ನೊಬ್ಬರು ಅಂದರೆ ಚಪ್ಪಾಳೆ. ಮೇಷ್ಟ್ರು ಮೆಟ್ಟಿಲು ಹತ್ತಿ ಹೋದಾಗ ಆತ ತನ್ನ ಲಕೋಟೆಯನ್ನು ಎದುರಿಗಿಟ್ಟುಕೊಂಡು ಹಲ್ಲುನೋವಿನವನಂತೆ ಕೂತಿದ್ದ. ಅವನಿಗೆ ಬಂದ ಜೊತೆಗಾರ ಗೊರಕೆ. ಕೊನೆಯ ಬೆಂಚಿನ ಆ ಹುಡುಗ ಮೊದಲ ವರ್ಷ ಕಣ್ಣು ಮುಚ್ಚಿದವನು ಪರೀಕ್ಷೆಗಷ್ಟೇ ಏಳುತ್ತಿದ್ದ. ‘ಚಪ್ಪಾಳೆ ಮೇಷ್ಟ್ರ ತರಗತಿಯಲ್ಲಿ ನಾನು ಕಂಡದ್ದು’ ಎಂದು ಅವನು ಬರೆದರೆ ಅದು ಕನಸೇ ಆಗಿರಬೇಕಿತ್ತು.

ಮೇಷ್ಟ್ರು ವಿಷಯ ಹೇಳಿ ಮುಗಿಸುವ ಮೊದಲೇ ಚಪ್ಪಾಳೆ ಪೆನ್ನು ತೆಗೆದಿದ್ದ. “ನೀವು ಹಿರಿಯರು ಸರ್. ನಿಮ್ಮ ಕಷ್ಟಕ್ಕೆ ಆಗದಿದ್ರೆ ನಾನ್ಯಾಕೆ?” ಎಂದು ಅರ್ಜಿಯ ಮೇಲೆ ಒಂದು ಕಡೆ ಬೇಕಾದಲ್ಲಿ ಎರಡು ಕಡೆ ಸಹಿ ಮಾಡಿದ. ಅವನ ಮುಖ ನೋಡಿದರೆ ಯಾರು ಯಾರಿಗೆ ಉಪಕಾರ ಮಾಡುತ್ತಿದ್ದಾರೆಂದು ಎಂಥವರಿಗೂ ತಿಳಿಯುತ್ತಿತ್ತು. ಮೇಷ್ಟ್ರು ನೋಡಿದ್ದು ಸಹಿಯನ್ನು ಮಾತ್ರ.

ಗುಮಾಸ್ತ ಅರ್ಜಿ ತಿರುಗಿಸಿ ನೋಡಿ, “ಕಾರಣ ಬರೆದಿಲ್ಲ ಸರ್” ಅಂದ.

“ವೈಯಕ್ತಿಕ ಅಂತ ಹಾಕು.”

“ವೈಯಕ್ತಿಕ ಅಂದ್ರೆ ಮೇಡಂ ವಾಪಸ್ ಕಳಿಸ್ತಾರೆ. ಏನಾದ್ರೂ ಬೋಧನೆಗೆ ಸಂಬಂಧಪಟ್ಟಿದ್ದು ಬರೀರಿ.”

ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಮೇಷ್ಟ್ರು ಕೈಗೆ ಬಂದ ಭಾಷೆಯಲ್ಲಿ ಬರೆದರು: ‘ಸದರಿ ವಿದ್ಯಾರ್ಥಿನಿಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವ ಸಂಭವ ಸೊನ್ನೆಗೆ ಸಮೀಪ.’ ಗುಮಾಸ್ತ ಅದರ ಮೇಲೆ ಮೊಹರು ಒತ್ತಿ, “ಪ್ರತಿ, ಸಂಬಂಧಪಟ್ಟ ಎಲ್ಲರಿಗೂ” ಎಂದು ಮೂಲೆಯಲ್ಲಿ ಗೀಚಿ ಒಳಗೆ ಕಳಿಸಿದ.

ಆ ‘ಎಲ್ಲರಿಗೂ’ ಅನ್ನುವ ಪದದಲ್ಲಿ ಯಾರು ಯಾರು ಇದ್ದಾರೆಂದು ಮೇಷ್ಟ್ರಿಗೆ ಹೊಳೆದದ್ದು ಕಾಲು ಗಂಟೆಯ ನಂತರ. ಕಾರಿಡಾರಿನ ಕಿಟಕಿಯ ಹತ್ತಿರ ಹೆಂಡತಿ ಅದರ ಪ್ರತಿ ಹಿಡಿದು ನಿಂತಿದ್ದಳು. ಕಂಕುಳಲ್ಲಿ ಒಂದು ದಪ್ಪ ನೋಟುಬುಕ್ಕು. ಅವಳು ಆ ಸಾಲನ್ನು ಓದಿ ಮುಗಿಸಿ, ಕಾಗದವನ್ನು ನಾಲ್ಕಾಗಿ ಮಡಿಸಿ ನೋಟುಬುಕ್ಕಿನೊಳಗೆ ಇಟ್ಟಳು.

“ಅದು ಕಚೇರಿಯವರು ಏನಾದ್ರೂ ಬರೀಲೇಬೇಕು ಅಂದಿದ್ದಕ್ಕೆ...” ಮೇಷ್ಟ್ರು ಅತ್ತಿತ್ತ ನೋಡಿ ಪಿಸುಗುಟ್ಟಿದರು.

“ಸರಿ ಸರ್” ಅಂದಳು ಹೆಂಡತಿ. ಅಷ್ಟೇ. ಮನೆಯಲ್ಲಾಗಿದ್ದರೆ ಪಾತ್ರೆಯ ಸದ್ದಾದರೂ ಆಗುತ್ತಿತ್ತು.

ಆದರೆ ಮರುಗಲು ಪುರುಸೊತ್ತಿರಲಿಲ್ಲ. ಗೊರಕೆಯನ್ನು ಹುಡುಕಬೇಕಿತ್ತು. ಅವನು ಗ್ರಂಥಾಲಯದಲ್ಲಿ ವಿಶ್ವಕೋಶದ ಎರಡು ಸಂಪುಟಗಳನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ. ಮೇಷ್ಟ್ರು ಎಬ್ಬಿಸಿ, ಪಕ್ಕದಲ್ಲಿ ಕೂತು, ಬಹಳ ಸಲಿಗೆಯಿಂದ, “ನೋಡಪ್ಪಾ, ನೀನೀಗ ನನ್ನ ಜೊತೆಗಾರ. ನಮೂನೆ ನಾನೇ ತುಂಬಿಟ್ಟಿದ್ದೀನಿ. ನೀನು ಸಹಿ ಹಾಕಿ ಮತ್ತೆ ಮಲಗು” ಅಂದರು.

ಗೊರಕೆ ಕಣ್ಣುಜ್ಜಿಕೊಂಡ. ಎರಡು ವಾರದ ಹಿಂದೆ ಕೊಟ್ಟಿದ್ದ ಚೀಟಿಯನ್ನು ಅವನು ಬಿಚ್ಚಿಯೂ ನೋಡಿರಲಿಲ್ಲ. “ಜೊತೆಗಾರ ಅಂದ್ರೆ ಏನ್ ಸರ್?”

“ಪಾಠ ಇನ್ನೂ ಚೆನ್ನಾಗಾಗೋಕೆ ಏನು ಮಾಡಬೇಕು ಅಂತ ಹೇಳೋನು.”

“ನಾನಾ?” ಹುಡುಗನ ಕಣ್ಣುಗಳು ಪೂರ್ತಿ ತೆರೆದುಕೊಂಡವು. “ಮೂರು ವರ್ಷ ಆಯ್ತು ಸರ್, ಈ ಕಾಲೇಜಿನಲ್ಲಿ ‘ಎದ್ದು ಹೊರಗೆ ಹೋಗು’ ಬಿಟ್ರೆ ಬೇರೆ ಏನನ್ನೂ ಯಾರೂ ನನಗೆ ಹೇಳಿಲ್ಲ. ಕೇಳೋದಂತೂ ಇಲ್ವೇ ಇಲ್ಲ.” ಅವನು ಎದ್ದು ನಿಂತ. “ಸುಳ್ಳು ಸಹಿ ಬೇಡ ಸರ್. ಸರಿಯಾಗಿ ಮಾಡೋಣ. ನಾನೊಬ್ಬನೇ ಹೇಳಿದ್ರೆ ತಪ್ಪಾಗುತ್ತೆ, ಎಲ್ಲರನ್ನೂ ಕೇಳ್ಕೊಂಡು ಬರ್ತೀನಿ.”

ಮೇಷ್ಟ್ರು “ಬೇಡಪ್ಪಾ, ಬೇಡ” ಅನ್ನುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ. ಮೂರು ವರ್ಷ ಕೂಡಿಟ್ಟ ನಿದ್ದೆಯೆಲ್ಲ ಒಂದೇ ಸಲ ಚೈತನ್ಯವಾಗಿ ಕಾಲಿಗೆ ಬಂದಂತಿತ್ತು.

ಊಟದ ಹೊತ್ತಿಗೆ ಅವನು ಪಟ್ಟಿಯೊಡನೆ ಅಧ್ಯಾಪಕರ ಕೊಠಡಿಗೇ ಬಂದ. ಹಿಂದೆ ಆರು ಜನ ಹುಡುಗರು. ಸಸ್ಯಶಾಸ್ತ್ರದ ಮೇಡಂ ತಮ್ಮ ಡಬ್ಬಿಯನ್ನು ಮುಚ್ಚಿ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡರು.

“ನಲವತ್ತೊಂದು ಸಲಹೆ ಬಂದಿದೆ ಸರ್. ಅದರಲ್ಲಿ ಜಾಸ್ತಿ ಓಟು ಬಿದ್ದಿರೋ ಮೂರು ಹೇಳ್ತೀನಿ. ಒಂದು, ನೀವು ಬೋರ್ಡು ಮುಟ್ಟಬಾರದು.”

“ಬೋರ್ಡಿಲ್ಲದೆ ಪಾಠ ಹೇಗಪ್ಪಾ?”

“ಎರಡು, ನಾವೆಲ್ಲ ಸುತ್ತ ಕೂರ್ತೀವಿ, ನೀವು ನಡುವೆ ನಿಂತ್ಕೋಬೇಕು. ಆಗ ಹಿಂದಿನ ಬೆಂಚು ಅಂತ ಇರಲ್ಲ. ಮೂರನೇದು ಮುಖ್ಯ ಸರ್. ಮೂರು ವರ್ಷದಿಂದ ‘ಒಂದು ಚೀಲದಲ್ಲಿ ಐದು ಕೆಂಪು ಚೆಂಡು, ಮೂರು ಬಿಳಿ ಚೆಂಡು ಇವೆ’ ಅಂತೀರಿ. ಒಂದು ಸಲನಾದ್ರೂ ಆ ಚೀಲ ತೋರಿಸಿದ್ದೀರಾ?”

ಇಪ್ಪತ್ತಾರು ವರ್ಷದಿಂದ ಆ ಚೀಲದಲ್ಲಿ ಕೈ ಆಡಿಸಿದ್ದ ಮೇಷ್ಟ್ರು ಅದನ್ನು ತಾವೂ ನೋಡಿರಲಿಲ್ಲ.

“ಹುಡುಗ ಸರಿಯಾಗೇ ಹೇಳ್ತಿದ್ದಾನೆ” ಅಂದರು ಮೇಡಂ. “ಎರಡು ಗಂಟೆಗೆ ಹೇಗೂ ನಿಮ್ಮ ಕ್ಲಾಸಿದೆ. ಇವತ್ತೇ ಮಾಡಿ ತೋರಿಸ್ಬಿಡಿ ಸರ್. ಸಂಜೆ ಓದುವಾಗ ‘ಹೇಳಿದ ದಿನವೇ ಬದಲಾದರು’ ಅಂತ ಬಂದ್ರೆ ಆ ಕುರ್ಚಿ ನಿಮ್ಮದೇ. ಚೆಂಡು ಬೇಕಾದ್ರೆ ಆಟದ ಮೇಷ್ಟ್ರ ಹತ್ರ ಮೂಟೆಗಟ್ಟಲೆ ಇದೆ.”

ಮುಳುಗುವವನಿಗೆ ಹುಲ್ಲುಕಡ್ಡಿಯ ಆಸರೆ. ಮೇಷ್ಟ್ರು ತಲೆಯಾಡಿಸಿದರು.

ಎರಡು ಗಂಟೆಗೆ ತರಗತಿಯ ಬೆಂಚುಗಳೆಲ್ಲ ಸುತ್ತ ಸರಿದಿದ್ದವು. ನಡುವೆ ನಿಂತ ಮೇಷ್ಟ್ರಿಗೆ ಯಾವ ಕಡೆ ಮುಖ ಮಾಡಬೇಕೆಂದೇ ತಿಳಿಯಲಿಲ್ಲ. ಇತ್ತ ತಿರುಗಿದರೆ ಅತ್ತಲಿಂದ “ಸರ್, ಕೇಳಿಸ್ತಿಲ್ಲ” ಅಂದರು. ಅತ್ತ ತಿರುಗಿದರೆ ಇತ್ತಲಿಂದ ಕೂಗಿದರು. ಹತ್ತು ನಿಮಿಷ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ತಲೆ ತಿರುಗತೊಡಗಿತು. ಕೈ ತಾನಾಗಿಯೇ ಸೀಮೆಸುಣ್ಣಕ್ಕಾಗಿ ಜೇಬು ತಡಕುತ್ತಿತ್ತು. ಪ್ರತಿ ಸಲವೂ ಗೊರಕೆ, “ಬೋರ್ಡು ಇಲ್ಲ ಸರ್” ಎಂದು ನೆನಪಿಸುತ್ತಿದ್ದ. ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಹೆಂಡತಿ ಕೂತಿದ್ದಳು. ಪ್ರತಿ ಸುತ್ತಿಗೂ ಒಂದೊಂದು ಸಲ ಅವಳ ಮುಖ ಎದುರಾಗಿ ಹಾದುಹೋಗುತ್ತಿತ್ತು.

“ಈಗ ಚೀಲ” ಎಂದು ಮೇಷ್ಟ್ರು ಆಟದ ಮೇಷ್ಟ್ರು ಕೊಟ್ಟ ಗೋಣಿಚೀಲವನ್ನು ಎಳೆದುಕೊಂಡು ಎದುರಿದ್ದ ಹುಡುಗಿಯ ಮುಂದೆ ಹಿಡಿದರು. “ಕಣ್ಣು ಮುಚ್ಚಿ ಒಂದು ಚೆಂಡು ತೆಗೆಯಮ್ಮಾ. ಯಾವ ಬಣ್ಣ?”

“ಹಳದಿ ಸರ್.”

“ಇನ್ನೊಂದು?”

“ಹಳದಿ ಸರ್.”

ಮೂರನೆಯದೂ ಹಳದಿ, ನಾಲ್ಕನೆಯದೂ ಹಳದಿ. ಮೂಟೆ ತುಂಬ ಇದ್ದದ್ದು ಹಳದಿ ಟೆನಿಸ್ ಚೆಂಡುಗಳೇ. “ಹಾಗಾದರೆ ಮುಂದಿನದು ಹಳದಿ ಬರುವ ಸಂಭವ?” ಎಂದು ಗೊರಕೆ ಗಂಭೀರವಾಗಿ ಕೇಳಿದ. ಇಡೀ ತರಗತಿ ಹೋ ಎಂದು ನಕ್ಕಿತು. ಕೆಂಪು ಚೆಂಡು ತಳದಲ್ಲಾದರೂ ಒಂದಿರಬಹುದೆಂದು ಮೇಷ್ಟ್ರು ಮೂಟೆಯ ಕೆಳತುದಿ ಹಿಡಿದು ಎತ್ತಿದರು. ಎಂಬತ್ತು ಚೆಂಡುಗಳು ಒಟ್ಟಿಗೆ ನೆಲಕ್ಕೆ ಬಿದ್ದು, ಪುಟಿದು, ಬೆಂಚಿನಡಿ, ಕಾಲಿನಡಿ, ಬಾಗಿಲಾಚೆ ಚೆಲ್ಲಾಪಿಲ್ಲಿಯಾದವು. ಹಿಡಿಯಲು ಬಗ್ಗಿದ ಮೇಷ್ಟ್ರು ಒಂದರ ಮೇಲೆ ಕಾಲಿಟ್ಟು, ನಡೆಯದೆಯೇ ಎರಡು ಹೆಜ್ಜೆ ಮುಂದೆ ಹೋಗಿ, ನೆಲದ ಮೇಲೆ ಕೂತರು.

ಬಾಗಿಲಲ್ಲಿ ಡೀನ್ ಮೇಡಂ ನಿಂತಿದ್ದರು. ಕೈಯಲ್ಲಿ ಕಾರಿಡಾರಿನಲ್ಲಿ ಸಿಕ್ಕಿದ ಒಂದು ಚೆಂಡಿತ್ತು.

“ಯಾವ ಪಾಠ ಇದು?”

“ಸಂಭವನೀಯತೆ ಮೇಡಂ” ಎಂದರು ಮೇಷ್ಟ್ರು, ಕೂತಲ್ಲಿಂದಲೇ.

“ಏನು ಸಂಭವಿಸ್ತಿದೆ ಅಂತ ಕಾಣ್ತಿದೆ” ಎಂದು ಚೆಂಡನ್ನು ಹತ್ತಿರದ ಬೆಂಚಿನ ಮೇಲಿಟ್ಟು ಮೇಡಂ ನಡೆದರು. ಎಲ್ಲರೂ ನಗುತ್ತಿದ್ದರು. ಹೆಂಡತಿ ಮಾತ್ರ ನಗದೆ ಬಗ್ಗಿ ಒಂದೊಂದೇ ಚೆಂಡು ಹೆಕ್ಕಿ ಮೂಟೆಗೆ ಹಾಕುತ್ತಿದ್ದಳು. ಅವಳು ನಕ್ಕಿದ್ದರೆ ಮೇಷ್ಟ್ರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಾಲ್ಕು ಗಂಟೆಗೆ ಸಭಾಂಗಣ ತುಂಬಿತ್ತು. ಮೇಷ್ಟ್ರು ಹಿಂದಿನಿಂದ ಎರಡನೇ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತರು. ವಿದ್ಯಾರ್ಥಿಗಳೆಂದರೆ ಜೊತೆಗಾರರು ಮಾತ್ರ. ಸಂಖ್ಯಾಶಾಸ್ತ್ರದ ಆ ತರಗತಿಯಿಂದ ಬಂದಿದ್ದವರು ಗೊರಕೆ ಮತ್ತು ಅವರ ಹೆಂಡತಿ, ಇಬ್ಬರೇ.

ಗೊರಕೆ ಅಂಗಿಯ ಕಾಲರ್ ಸರಿಮಾಡಿಕೊಂಡು ಮೈಕಿನ ಮುಂದೆ ನಿಂತ. ಅವನ ಮನಸ್ಸಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಅದೇ ಕೆಡುಕಾದದ್ದು.

“ನಾನು ಕಂಡದ್ದು. ನಮ್ಮ ಸರ್ ತುಂಬ ಒಳ್ಳೆಯವರು. ನಾವು ಹೇಳಿದ್ದನ್ನೆಲ್ಲ ಅದೇ ದಿನ ಮಾಡಿದರು. ಅವರು ಮಾಡಿದ ಮೇಲೆ, ನಾವು ಹೇಳಿದ್ದು ತಪ್ಪು ಅಂತ ನಮಗೆ ಗೊತ್ತಾಯಿತು. ಅವರಿಗೆ ಮೊಣಕಾಲಿಗೆ ಪೆಟ್ಟಾಗಿದೆ. ಅವರು ಮೊದಲು ಹೇಗೆ ಪಾಠ ಮಾಡುತ್ತಿದ್ದರು ಅಂತ ಹೇಳಲು ನನಗೆ ಆಗುವುದಿಲ್ಲ, ಯಾಕೆಂದರೆ ನಾನು ಎದ್ದಿದ್ದದ್ದು ಇವತ್ತೇ ಮೊದಲು. ಹಾಗಿದ್ದರೂ ಮೊದಲೇ ವಾಸಿ ಇತ್ತು ಅಂತ ನನ್ನ ನಂಬಿಕೆ.”

ಸಭೆ ನಕ್ಕಿತು. ಡೀನ್ ಮೇಡಂ ಏನೋ ಬರೆದುಕೊಂಡರು. ಕಂಬದ ಮರೆ ಇನ್ನಷ್ಟು ಅಗಲ ಇರಬೇಕಿತ್ತು ಅನ್ನಿಸಿತು ಮೇಷ್ಟ್ರಿಗೆ.

ಮುಂದಿನ ಹೆಸರು ಚಪ್ಪಾಳೆಯದು. ಹೆಂಡತಿ ವೇದಿಕೆ ಹತ್ತಿದಳು. ಅವಳು ಮೈಕಿನ ಮುಂದೆ ನಿಂತದ್ದನ್ನು ಮೇಷ್ಟ್ರು ಈವರೆಗೆ ನೋಡಿರಲಿಲ್ಲ. ಚಪ್ಪಾಳೆಯ ಬಗ್ಗೆ ಅರ್ಧ ದಿನದಲ್ಲಿ ಇವಳು ಏನು ತಾನೇ ಬರೆದಿರುತ್ತಾಳೆ ಎಂದು ಅವರು ಯೋಚಿಸುತ್ತಿದ್ದಾಗ ಅವಳು ಓದತೊಡಗಿದಳು.

“ನಾನು ಕಂಡದ್ದು. ಈ ಮೇಷ್ಟ್ರು ಪ್ರಶ್ನೆ ಕೇಳುವವರ ಮಾತನ್ನು ಅರ್ಧಕ್ಕೆ ತುಂಡು ಮಾಡುವುದಿಲ್ಲ. ಹುಡುಗರು ತಡವರಿಸಿದರೂ ಕೊನೆಯವರೆಗೆ ಕಾಯುತ್ತಾರೆ. ಯಾರಾದರೂ ತಪ್ಪು ಉತ್ತರ ಹೇಳಿದರೆ ಅದನ್ನು ಬೋರ್ಡಿನ ಮೇಲೆ ಬರೆದು, ‘ಇದು ಸರಿಯಾಗಬೇಕಾದರೆ ಪ್ರಶ್ನೆ ಏನಿರಬೇಕಿತ್ತು?’ ಅಂತ ಹುಡುಕುತ್ತಾರೆ. ಹೇಳಿದವರಿಗೆ ನಾಚಿಕೆಯಾಗುವುದಿಲ್ಲ. ಹೋದ ಮಂಗಳವಾರ ಮೂಲೆಯ ಬೆಂಚಿನ ಹುಡುಗಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಳು. ಇವರು ಮೂರು ಸಲವೂ ಬೇರೆ ಬೇರೆ ಥರ ಹೇಳಿದರು; ಮೂರನೆಯ ಸಲ ಎಲ್ಲರ ಊಟದ ಡಬ್ಬಿಯ ಮುಚ್ಚಳ ಕೂಡಿಸಿ ಮೇಜಿನ ಮೇಲೆ ಜೋಡಿಸಿ ತೋರಿಸಿದರು. ಬೆಲ್ಲು ಹೊಡೆದದ್ದು ಅವರಿಗೂ ಕೇಳಿಸಲಿಲ್ಲ, ನಮಗೂ ಕೇಳಿಸಲಿಲ್ಲ. ಇಷ್ಟು ತಾಳ್ಮೆ ಇರುವ ಮನುಷ್ಯ ಇವರು ಅಂತ ನನಗೆ ಈ ಎರಡು ವಾರದ ಮೊದಲು ಗೊತ್ತಿರಲಿಲ್ಲ.”

ಮೇಷ್ಟ್ರ ಕೈ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿತ್ತು. ಆ ಮುಚ್ಚಳಗಳನ್ನು ಜೋಡಿಸಿದ್ದು ಅವರೇ. ಅದರಲ್ಲೊಂದು ಅವರದೇ ಡಬ್ಬಿಯದು. ಚಪ್ಪಾಳೆ ಹುಟ್ಟಿದಂದಿನಿಂದ ಸೀಮೆಸುಣ್ಣ ಮುಟ್ಟಿದವನಲ್ಲ.

ಇದನ್ನು ಹೇಳಬಲ್ಲ ಇನ್ನೊಬ್ಬ ಸಾಕ್ಷಿ ಸಭೆಯಲ್ಲಿದ್ದ. ಅವನು ಆ ಮಂಗಳವಾರ ನಿದ್ದೆಯಲ್ಲಿದ್ದ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೀನ್ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಪರದೆ ಬಿಟ್ಟು ಬೋರ್ಡಿನಲ್ಲೂ ಇಷ್ಟು ಚೆನ್ನಾಗಿ ಪಾಠ ಮಾಡ್ತೀರಿ ಅಂತ ನೀವು ಒಂದು ದಿನವೂ ಹೇಳ್ಕೊಳ್ಳಲಿಲ್ಲವಲ್ಲ!” ಅಂದರು.

ಚಪ್ಪಾಳೆಯ ಕಣ್ಣಲ್ಲೂ ನೀರಿತ್ತು. “ನಾನು ಹೀಗೆಲ್ಲ ಮಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ ಮೇಡಂ” ಅಂದ. ಆ ಮಾತು ಅವನ ಬಾಯಿಂದ ಬಂದ ಅಪ್ಪಟ ಸತ್ಯ. ಸಭೆಗೆ ಅದು ವಿನಯವಾಗಿ ಕಂಡು ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು. ವಿಭಾಗದ ಮುಂದಿನ ಮುಖ್ಯಸ್ಥರು ಯಾರೆಂದು ಮೇಡಂ ಅಲ್ಲೇ ಹೇಳಿಬಿಟ್ಟರು. ಚೆನ್ನಾಗಿ ಹೊಂದಿಕೊಂಡ ಜೋಡಿಗಳು ವರ್ಷಪೂರ್ತಿ ಹೀಗೇ ಮುಂದುವರಿಯಲಿ ಅಂತಲೂ ಸೇರಿಸಿದರು.

ಮೇಷ್ಟ್ರು ಅರ್ಧ ಎದ್ದರು. ‘ಅದು ನಾನು’ ಅನ್ನಬೇಕು. ಅಂದರೆ, ‘ಈ ವಿದ್ಯಾರ್ಥಿನಿಗೆ ನಿಮ್ಮ ಬಗ್ಗೆ ಒಳ್ಳೆ ಅಭಿಪ್ರಾಯವೇ ಇಲ್ಲ ಅಂತ ಬೆಳಿಗ್ಗೆ ನೀವೇ ಬರೆದುಕೊಟ್ಟಿದ್ದೀರಲ್ಲ’ ಎಂದು ಮೊಹರು ಒತ್ತಿದ ಕಾಗದ ಮುಂದೆ ಬರುತ್ತದೆ. ಮೊಣಕಾಲು ನೋಯುತ್ತಿತ್ತು. ಮತ್ತೆ ಕೂತರು.

ಸಭೆ ಮುಗಿದ ಮೇಲೆ ಹೆಂಡತಿ ಬಾಗಿಲ ಬಳಿ ಸಿಕ್ಕಿದಳು.

“ಅದು ನನ್ನ ಬಗ್ಗೆ ಬರೆದಿದ್ದಲ್ವಾ?”

“ಹೌದು ಸರ್.”

“ಮತ್ತೆ ಅವನ ಹೆಸರಲ್ಲಿ ಯಾಕೆ ಓದಿದೆ?”

“ನೀವೇ ಬೇಡ ಅಂದ್ರಿ. ಕಚೇರಿಯವರು ನಮೂನೆಯಲ್ಲಿ ನಿಮ್ಮ ಹೆಸರು ಹೊಡೆದು ಅವರದ್ದು ಹಾಕಿದ್ರು. ಎರಡು ವಾರ ಕೂತು ಬರೆದದ್ದು, ಹರಿದು ಬಿಸಾಕೋಕೆ ಮನಸ್ಸು ಬರಲಿಲ್ಲ” ಎಂದು ಅವಳು ಮುಂದೆ ನಡೆದಳು.

ಕಾರಿಡಾರಿನಲ್ಲಿ ಕೋರಿಕೆಯ ಲಕೋಟೆಗಳನ್ನು ಹಂಚುತ್ತಿದ್ದರು. ಮೇಷ್ಟ್ರು ತಮ್ಮದನ್ನು ಒಡೆದರು. ಗೊರಕೆ ದುಂಡಗೆ ಬರೆದಿದ್ದ: ‘ಸರ್, ದಯವಿಟ್ಟು ಮೂರು ವರ್ಷದ ಹಾಜರಿ ಕೊಟ್ಟುಬಿಡಿ.’

ಎರಡು ಮಾರು ಆಚೆ ಚಪ್ಪಾಳೆ ತನ್ನ ಲಕೋಟೆ ಒಡೆದು ನಿಂತಿದ್ದ. ಒಂದು ಸಲ ಓದಿದ. ಎರಡನೇ ಸಲ ಓದುವಾಗ ಅವನ ಕಿವಿ ಕೆಂಪಾಯಿತು.

ಮೇಷ್ಟ್ರು ಕುಂಟುತ್ತ ಹೋದರು. “ಏನಪ್ಪಾ ಬರೆದಿದ್ದಾರೆ?”

“ಗೌಪ್ಯ ಸರ್. ಜೊತೆಗಾರರ ನಡುವಿನದು.” ಚಪ್ಪಾಳೆ ಕಾಗದವನ್ನು ಎದೆಗೆ ಒತ್ತಿಕೊಂಡ. “ಇರೋದು ಒಂದೇ ಸಾಲು. ಆದ್ರೆ ಸರ್, ನಮ್ಮನೆ ವಿಷಯ ಇವರಿಗೆ ಹೇಗೆ ಗೊತ್ತಾಯ್ತು?”

“ಮನೆ ವಿಷಯವಾ? ಸ್ವಲ್ಪ ತೋರಿಸು ನೋಡೋಣ.”

“ಬೈಬೇಡಿ ಸರ್, ನಿಯಮ” ಎಂದು ಅವನು ಫೋನು ತೆಗೆದು ಗೋಡೆಯ ಕಡೆ ತಿರುಗಿದ. “ಹಲೋ, ನಾನು. ಇಲ್ಲ, ಏನೂ ಬೇಕಾಗಿಲ್ಲ. ಬೆಳಿಗ್ಗೆ ನೀನು ಏನೋ ಹೇಳ್ತಿದ್ದೆಯಲ್ಲ, ನಾನು ಅರ್ಧದಲ್ಲಿ ಎದ್ದು ಬಂದೆ. ಈಗ ಹೇಳು. ಪೂರ್ತಿ ಹೇಳು, ಕೇಳ್ತೀನಿ. ತರಗತಿಯಲ್ಲಿ ಕೇಳೋ ಹಾಗೆ ಮನೆಯಲ್ಲೂ ಕೇಳಬೇಕಲ್ವಾ?”

ಫೋನಿನೊಳಗಿಂದ ಹೆಂಗಸೊಬ್ಬರ ದನಿ ಮೇಷ್ಟ್ರಿಗೂ ಕೇಳಿಸುವಷ್ಟು ಜೋರಾಗಿ ಬಂತು. “ಯಾರ್ರೀ ಮಾತಾಡ್ತಿರೋದು?”

ಮೇಷ್ಟ್ರು ಮೆಟ್ಟಿಲನ್ನು ಎರಡೆರಡಾಗಿ ಇಳಿಯಲು ನೋಡಿ, ಮೊಣಕಾಲು ಒಪ್ಪದೆ ಒಂದೊಂದಾಗಿ ಇಳಿದರು. ಬಸ್ ನಿಲ್ದಾಣದಲ್ಲಿ ಹೆಂಡತಿ ಇನ್ನೂ ನಿಂತಿದ್ದಳು. ಒಪ್ಪಂದ ಮುರಿದು ಅವರು ಅವಳ ಪಕ್ಕದಲ್ಲೇ ಹೋಗಿ ನಿಂತರು.

“ಹೇಳು” ಅಂದರು. ಏದುಸಿರು ಬರುತ್ತಿತ್ತು. “ನಿನಗೆ ಏನು ಹೇಳೋದಿದೆಯೋ ಹೇಳು. ಕೇಳ್ತೀನಿ.”

ಹೆಂಡತಿ ಅವರನ್ನು ನೋಡಿದಳು. ಕೋಪವೇನೂ ಕಾಣಲಿಲ್ಲ, ಆಯಾಸ ಮಾತ್ರ. “ಹೇಳೋದು ಏನೂ ಉಳಿದಿಲ್ಲ ಸರ್. ಎಲ್ಲ ಬರೆದುಕೊಟ್ಟಾಯ್ತು. ಇನ್ನು ಏನಿದ್ರೂ ಮುಖ್ಯಸ್ಥರ ಮೂಲಕ ಬನ್ನಿ.”

ಬಸ್ಸು ಬಂತು. ಕಿಟಕಿಯ ಪಕ್ಕ ಅವಳು ಕೂತಳು. ಅವಳ ಪಕ್ಕದಲ್ಲಿ ಯಾರೋ ಮುದುಕಿ ಕೂತದ್ದರಿಂದ ಮೇಷ್ಟ್ರು ಹಿಂದಿನ ಸೀಟಿಗೆ ಹೋದರು. ಎರಡು ನಿಲ್ದಾಣ ದಾಟಿರಬೇಕು, ಅವಳ ಫೋನು ಹೊಡೆದುಕೊಂಡಿತು.

“ಹಲೋ? ಹೌದು. ಓ, ಮೇಡಂ, ನೀವಾ? ಅಯ್ಯೋ, ಅದಕ್ಕೆಲ್ಲ ಥ್ಯಾಂಕ್ಸ್ ಯಾಕೆ? ಪೂರ್ತಿ ಕೇಳಿದ್ರಾ? ನಡುವೆ ಎದ್ದು ಹೋಗ್ಲಿಲ್ವಾ?” ಅವಳು ನಕ್ಕಳು. ಆ ಕಡೆ ಇದ್ದದ್ದು ಚಪ್ಪಾಳೆಯ ಹೆಂಡತಿ, ನಂಬರು ಅವನೇ ಕೊಟ್ಟಿರಬೇಕು. ಆಮೇಲೆ ಇವಳು ಮಾತಾಡತೊಡಗಿದಳು. ಬೆಳಗಿನ ಬಸ್ಸಿನಲ್ಲಿ ನಿಂತೇ ಪಾಠ ಓದಿಕೊಳ್ಳುವುದು, ಈ ವಯಸ್ಸಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಎದ್ದೆದ್ದು ಪುಸ್ತಕ ತಿರುವುವುದು, ಮಗಳು ಹೋದ ಮೇಲೆ ಮನೆ ಹೇಗೆ ಗವ್ವೆನ್ನುತ್ತದೆ ಅನ್ನುವುದು, ಡಿಗ್ರಿ ಮುಗಿದ ಮೇಲೆ ತಾನೂ ಪಾಠ ಮಾಡಬೇಕೆಂದಿರುವುದು.

ಮೇಷ್ಟ್ರು ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿಕೊಂಡು ಕೂತು ಕೇಳಿದರು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ, ತಮ್ಮ ನಿಲ್ದಾಣ ಬರುವ ತನಕ, ಒಂದು ಮಾತೂ ಬಿಡದೆ ಕೇಳಿದರು. ಅದರಲ್ಲಿ ಒಂದೂ ಅವರಿಗೆ ಹೇಳಿದ್ದಾಗಿರಲಿಲ್ಲ.